ಸೂತಕದ ಮನೆಯಲ್ಲಿ 64 ಎಲೆ

ನಮ್ಮ ಸರ್ವರಿಗೆ 512 ಜಿಬಿ ರ್ಯಾಮ್. ಅದು ಗೊಟಕ್ಕೆಂದಾಗ ಎದ್ದು ಪಂಚನಾಮೆ ಬರೆಯಬೇಕಾದ ಬಡಪಾಯಿ ಕೆಡಂಪ್ ಕರ್ನೆಲ್ಲಿಗೆ ಮಾತ್ರ 256 ಎಂಬಿ! ಸತ್ತ ಕರ್ನೆಲ್ಲಿನ ಮೆಮೊರಿಯನ್ನು ನೆಟ್‌ವರ್ಕಿನಲ್ಲಿ ಬೇರೆ ಯಂತ್ರಕ್ಕೆ ಸಾಗಿಸಿ ತಾನೂ ಕಣ್ಮುಚ್ಚುವುದಷ್ಟೇ ಅದರ ಬದುಕು. ಆಗ ಬರುತ್ತಾರೆ ನೋಡಿ, ನೆಟ್‌ವರ್ಕ್ ಡ್ರೈವರ್ ಮಹಾಶಯರು. ಸೂತಕದ ಮನೆಯೆಂಬ ಪರಿವೆಯೇ ಇಲ್ಲದೆ, ಗಂಡಿನ ಕಡೆ ಬೀಗರ ಹಾಗೆ "64 ಕ್ಯೂ ಹಾಕಿ, ತಲಾ 1024 ಬಫರ್ ಬಡಿಸಿ" ಎಂದು ಪಂಕ್ತಿಗೆ ಕೂತೇಬಿಡುತ್ತಾರೆ. ಬಫರಿಗೆ 4 ಕೆಬಿ ಎಂದರೆ ಸರಿಯಾಗಿ 256 ಎಂಬಿ, ಅಡುಗೆಮನೆಯೇ ಖಾಲಿ! ಮೆಮೊರಿ ಸಾಲದೆ ಕರ್ನೆಲ್ ಕೈಗೆ ಸಿಕ್ಕ ಪ್ರೋಗ್ರಾಮನ್ನು ಕೊಲ್ಲತೊಡಗುತ್ತದೆ. ಬಲಿಯಾಗುವುದು ಪಾಪ, ಮೆಮೊರಿ ಡಂಪು ಸಾಗಿಸಬೇಕಾದ ಪ್ರೋಗ್ರಾಮೇ, ಅಂದರೆ ಪಂಚನಾಮೆಯವನೇ.

"ಕ್ರ್ಯಾಶ್ ಯಾಕಾಯ್ತ್ರೀ?" ಎಂದರು ಮ್ಯಾನೇಜರು.

"ಹೇಳಬೇಕಾದವರೂ ಹೋಗ್ಬಿಟ್ರು ಸಾರ್."

ಅವರು ನನ್ನನ್ನೇ ಮೂರನೇ ಶವದಂತೆ ನೋಡಿದರು. ಮದ್ದು ಚಿಕ್ಕದೇ: ಡ್ರೈವರ್ ಬಾಗಿಲಲ್ಲೇ "ಇದು ಕೆಡಂಪ್ ಕರ್ನೆಲ್ಲೋ?" ಎಂದು ವಿಚಾರಿಸಬೇಕು, ಹೌದಾದರೆ ಒಂದೇ ಕ್ಯೂ, ಪುಟ್ಟ ಬಫರ್ ರಿಂಗ್. ಆ ಎರಡು ಸಾಲು ಸೇರಿಸಿದ ಮೇಲೆ ಡಂಪು ತೆವಳುತ್ತಾದರೂ ಬರುತ್ತಿದೆ. ಕಾಯುವ ಕೆಲಸವೆಂದು ನಾನು ಕ್ಯಾಂಟೀನಿನಲ್ಲೇ ಕೂತಿರುತ್ತೇನೆ. ಮ್ಯಾನೇಜರಿಗೆ ಈಗ ಅದೇ ಹೊಟ್ಟೆಯುರಿ.