ಡ್ರಾಪ್ಸ್ ಮಾಮ

ಬಳ್ಳಾರಿಯ ಮೆಡಿಕಲ್ ಶಾಪಿನ ಹುಡುಗ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ "ಇದು ಸಿಗಂಗಿಲ್ಲ ನೋಡ್ರಿ" ಅಂದನೋ, ಸಂಜೆಯೊಳಗೆ ಆ ಚೀಟಿಯ ಫೋಟೊ ಡ್ರಾಪ್ಸ್ ಮಾಮನ ಮೊಬೈಲಿಗೆ ಬಂದು ಬಿದ್ದಿರುತ್ತದೆ. ಮಾಮ ಡಾಕ್ಟರಲ್ಲ, ಕಾಂಪೌಂಡರಲ್ಲ, ಔಷಧಿ ಕಂಪನಿಯ ರೆಪ್ಪೂ ಅಲ್ಲ. ರಿಟೈರಾದ ಬಸ್ ಕಂಡಕ್ಟರು. ಪ್ರತಿ ಊರಲ್ಲೂ ಇಂಥವರು ಇದ್ದೇ ಇರುತ್ತಾರೆ. ರಕ್ತ ಬೇಕಾದರೆ ಒಬ್ಬರು, ರೇಷನ್ ಕಾರ್ಡಿಗೆ ಒಬ್ಬರು, ತಿರುಪತಿಯಲ್ಲಿ ರೂಮಿಗೆ ಇನ್ನೊಬ್ಬರು. ನಮ್ಮ ಮಾಮನ ಪಾಲಿಗೆ ಬಂದದ್ದು ಕಣ್ಣಿನ ಡ್ರಾಪ್ಸ್.

ಸಿಗುವುದಿಲ್ಲ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮಾಮನ ಬೆನ್ನು ನೆಟ್ಟಗಾಗುತ್ತದೆ. ಎಲ್ಲ ಕಡೆ ಸಿಗುವ ಔಷಧಿ ಕೇಳಿದರೆ ಮಾತ್ರ ಅವಮಾನ. ಕಂಪ್ಯೂಟರ್ ನೋಡಿ ಕಣ್ಣು ಒಣಗುತ್ತದೆಂದು ಬರೆಸಿಕೊಂಡು ಬಂದ ಪಕ್ಕದ ಮನೆಯ ಹುಡುಗಿಗೆ, "ಅದಕ್ಕ ನಾನ್ಯಾಕವ್ವಾ? ಬಸ್‌ಸ್ಟ್ಯಾಂಡಿನಾಗ ಶೇಂಗಾ ಮಾರೋನ ಹತ್ರಾನೂ ಸಿಗ್ತೈತೆ" ಎಂದು ಕಳಿಸಿಬಿಟ್ಟ.

ಮಾಮನ ಕೀರ್ತಿಗೆಲ್ಲ ಮೂಲ ನಾಟಮೈಸಿನ್. ಸಿರುಗುಪ್ಪದ ಕಡೆ ತುಂಗಭದ್ರೆಯ ನೀರು, ನೆಲ್ಲಿನ ಗದ್ದೆ, ಅಕ್ಕಿ ಗಿರಣಿ. ಕೊಯ್ಲಿನ ದಿನಗಳಲ್ಲಿ ನೆಲ್ಲಿನ ಗರಿಯೋ ಹೊಟ್ಟೋ ಕಣ್ಣಿಗೆ ಹೊಡೆಯುತ್ತದೆ. ಮನುಷ್ಯ ಮೊದಲು ಹೆಗಲ ಮೇಲಿನ ಟವೆಲಿನಿಂದ ತಿಕ್ಕುತ್ತಾನೆ. ಅಜ್ಜಿ ನಂದಿಬಟ್ಟಲು ಹಿಂಡುತ್ತಾಳೆ. ಆಮೇಲೆ ಯಾರೋ ಪುಣ್ಯಾತ್ಮ ಸ್ಟಿರಾಯ್ಡ್ ಇರುವ ಡ್ರಾಪ್ಸ್ ಕೊಡುತ್ತಾನೆ. ಕೆಂಪು ಇಳಿಯುತ್ತದೆ, ಮನೆಯವರಿಗೆಲ್ಲ ಸಮಾಧಾನ. ಒಳಗೆ ಶಿಲೀಂಧ್ರಕ್ಕೆ ಅದಕ್ಕಿಂತ ಹೆಚ್ಚು ಸಮಾಧಾನ. ಕಣ್ಣಿನ ಕರಿಗುಡ್ಡೆಯ ಮೇಲೆ ಬೆಳ್ಳಗೆ ಹುಣ್ಣು ಎದ್ದ ಮೇಲೆ ಬಳ್ಳಾರಿಯ ದಾರಿ. ಡಾಕ್ಟರು ನೋಡಿ, ಫಂಗಲ್ ಅಲ್ಸರ್ ಎಂದು ಹೇಳಿ, ಶೇಕಡಾ 5ರ ನಾಟಮೈಸಿನ್ ಗಂಟೆಗೊಂದು ಹನಿ ಎಂದು ಬರೆಯುತ್ತಾರೆ.

ಇಲ್ಲಿಂದ ಲೆಕ್ಕ ಮಾಮನದು. ಟಿಕೆಟ್ ಹರಿದ ಕೈ, ಲೆಕ್ಕ ತಪ್ಪುವುದಿಲ್ಲ. "5 ಎಂ.ಎಲ್. ಸೀಸೇನಾಗ ನೂರು ಹನಿ ಅಂತಿಟ್ಕ. ಹಗಲೂ ರಾತ್ರಿ ಗಂಟೆಗೊಂದು ಅಂದ್ರ ನಾಕು ದಿನ. ನಿಮ್ಮಪ್ಪಗ ಹಾಕೋದು ಬರಂಗಿಲ್ಲ, ಅರ್ಧ ಗಲ್ಲದ ಮ್ಯಾಲೆ ಹೋತದ. ಎರಡು ದಿನ. ಹುಣ್ಣು ಮಾಯೋದಕ್ಕ ವಾರಗಟ್ಲೆ ಬೇಕು. ಈಗ ಹೇಳು, ಎಷ್ಟು ಸೀಸೆ?" ಕೇಳಿದವನ ಕಣ್ಣಲ್ಲಿ ನೀರು ಬರುವ ಹೊತ್ತಿಗೆ ಮಾಮ ಫೋನ್ ಕೈಗೆತ್ತಿಕೊಳ್ಳುತ್ತಾನೆ. ಯಾವಾಗಲೋ ಒಂದು ಹೋಗುವ ಸರಕನ್ನು ತರಿಸಿಟ್ಟು, ಎಕ್ಸ್‌ಪೈರಿ ಆದ ಮೇಲೆ ವಾಪಸ್ ಕಳಿಸುವ ತಲೆನೋವು ಯಾವ ಅಂಗಡಿಯವನಿಗೂ ಬೇಡ. ಅದರ ತಪ್ಪು ನಾನು ಅಂಗಡಿಯವರ ಮೇಲೆ ಹೊರಿಸಲಾರೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಪಟ್ಟಿಯಲ್ಲಿದೆ, ಕಪಾಟಿನಲ್ಲಿಲ್ಲ.

ಹುಡುಕಾಟ ಕೌಲ್‌ಬಜಾರಿನಿಂದ ಶುರುವಾಗಿ ಬೆಂಗಳೂರು ರೋಡು ಹಾದು ಹೊಸಪೇಟೆಗೆ ಹೋಗುತ್ತದೆ. ಅಲ್ಲಿ ಇಲ್ಲವೆಂದರೆ ಮಾಮ ಭಾಷೆ ಬದಲಿಸುತ್ತಾನೆ. "ಅನ್ನಾ, ಉಂದಾ?" ಗುಂತಕಲ್ಲು ಲೇದಂಟುಂದಿ. ಆದೋನಿ "ರೆಂಡು ಉನ್ನಾಯಿ" ಅಂದಾಗ ಮಾಮನ ಮುಖ ನೋಡಬೇಕು, ಸ್ವತಃ ಔಷಧಿ ಕಂಡುಹಿಡಿದವನಿಗೂ ಅಷ್ಟು ಖುಷಿ ಆಗಿರಲಿಕ್ಕಿಲ್ಲ.

ಕಂಡುಹಿಡಿದ ಕಥೆಯೂ ಮಾಮನಿಗೆ ಗೊತ್ತು. ಸೀಸೆ ಬರುವವರೆಗೆ ಅದನ್ನು ಕೇಳಲೇಬೇಕು, ಅದೇ ಕಮಿಷನ್ನು. 1955ರಲ್ಲಿ ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ಹತ್ತಿರದ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಈ ಔಷಧಿ ತೆಗೆದರು. ಇಲ್ಲಿ ಮಾಮನ ಗಂಟಲು ಏರುತ್ತದೆ. "ಗಾಂಧೀಜೀನ ರೈಲಿನಿಂದ ಇಳಿಸಿದ್ರಲ್ಲ, ಅದೇ ಊರು. ಕೈಯಾಗ ಫಸ್ಟ್ ಕ್ಲಾಸ್ ಟಿಕೆಟ್ ಐತೆ, ಆದ್ರೂ ಇಳಿಸ್ಯಾರ! ನನ್ನ ಸರ್ವೀಸಿನಾಗ ಟಿಕೆಟ್ ಇದ್ದೋನ್ನ ಒಬ್ಬನ್ನೂ ಇಳಿಸಿಲ್ಲ." ಅಲ್ಲಿಂದ ತಮಿಳುನಾಡು. ಅರವಿಂದ ಕಣ್ಣಾಸ್ಪತ್ರೆಗಳಲ್ಲಿ 323 ರೋಗಿಗಳ ಮೇಲೆ ಪರೀಕ್ಷೆ ಮಾಡಿ, ಹೊಸ ವೊರಿಕೊನಜೋಲ್‌ಗಿಂತ ಹಳೆಯ ನಾಟಮೈಸಿನ್ನೇ ಮೇಲೆಂದು 2013ರಲ್ಲಿ ಪ್ರಕಟಿಸಿದರು. ಹಳೆಯದೇ ಮೇಲು ಅನ್ನುವುದನ್ನು ಮಾಮ ಎರಡು ಸಲ ಹೇಳುತ್ತಾನೆ, ಎರಡನೆಯ ಸಲ ತನ್ನ ಎದೆ ಮುಟ್ಟಿಕೊಂಡು.

ಕುರುಗೋಡಿನ ಪಾರ್ಸೆಲ್ಲು ಬೇರೆಯದೇ ಗೋಳು. ಅಲ್ಲಿನ ಮೆಣಸಿನಕಾಯಿ ರೈತರೊಬ್ಬರಿಗೆ ಗ್ಲಾಕೋಮಾ, ದಿನಾ ರಾತ್ರಿ ಲಾಟಾನೊಪ್ರೊಸ್ಟ್. ತೆರೆಯದ ಸೀಸೆ ಫ್ರಿಜ್ಜಿನಲ್ಲಿರಬೇಕು, ತೆರೆದದ್ದು 25 ಡಿಗ್ರಿ ದಾಟಬಾರದು. "ಏಪ್ರಿಲ್‌ನಾಗ ನಮ್ಮ ಜಿಲ್ಲೇನಾಗ 25 ಡಿಗ್ರಿ ಎಲ್ಲೈತಪ್ಪಾ? ಎಟಿಎಂ ಒಳಗ" ಎಂದು ಗೊಣಗುತ್ತ ಮಾಮ ಥರ್ಮಾಸಿಗೆ ಐಸು ತುಂಬಿ, ಸೀಸೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಳಿಬಿಟ್ಟು, ಹಳೆಯ ಶಿಷ್ಯ ಕಂಡಕ್ಟರನ ಕೈಗೆ ಕೊಡುತ್ತಾನೆ. ಸೀಸೆ ತಲುಪುತ್ತದೆ. ಥರ್ಮಾಸು ವಾಪಸ್ ಬರುವುದಿಲ್ಲ. ಕುರುಗೋಡಿನ ಎಷ್ಟು ಮನೆಗಳಲ್ಲಿ ಈಗ ಮಾಮನ ಥರ್ಮಾಸಿನಲ್ಲಿ ಚಹಾ ಬಿಸಿಯಾಗಿದೆಯೋ ದೊಡ್ಡಬಸವೇಶ್ವರನೇ ಬಲ್ಲ.

ಒಂದು ವಿಷಯಕ್ಕೆ ಮಾತ್ರ ಮಾಮ ಬಗ್ಗುವುದಿಲ್ಲ. ಚೀಟಿ ಇಲ್ಲದೆ ಕೆಲಸವಿಲ್ಲ. ತಾರೀಖು ಹಳೆಯದಾದರೂ ಇಲ್ಲ. ತೆಕ್ಕಲಕೋಟೆಯ ಒಬ್ಬ, "ಹೋದ ವರ್ಷ ಕೆಂಪಗಾದಾಗ ಹಾಕಿದ್ನಲ್ಲ ಮಾಮಾ, ಅದೇ ಸ್ಟಿರಾಯ್ಡ್ ಕೊಡಿಸ್ರಿ" ಅಂದ. "ಹೋದ ವರ್ಷದ ಟಿಕೆಟ್ ತೋರ್ಸಿ ಈ ವರ್ಷ ಬಸ್ ಹತ್ತಿಯೇನಲೇ? ಇಳಿ ಕೆಳಗ!" ಪಾಪ, ಅವನು ಕೂತಿದ್ದದ್ದು ಮಾಮನ ಮನೆಯ ಕಟ್ಟೆಯ ಮೇಲೆ. ಇಳಿದ. ಇಳಿದು ನೇರ ಕಣ್ಣಿನ ಡಾಕ್ಟರ ಹತ್ತಿರ ಹೋದ, ಮಾಮನೇ ಆಟೋ ಹತ್ತಿಸಿದ್ದ.

ದುಡ್ಡಿನಲ್ಲಿ ಮಾಮ ಶುದ್ಧಹಸ್ತ. ಬಿಲ್ಲಿನ ಮೇಲೆ ಒಂದು ಪೈಸೆ ಹೆಚ್ಚಿಗೆ ತೆಗೆದುಕೊಳ್ಳುವುದಿಲ್ಲ. ಚಿಲ್ಲರೆ ಮಾತ್ರ ಕೊಡುವುದಿಲ್ಲ. ಚೀಟಿಯ ಹಿಂಭಾಗದಲ್ಲಿ ಬಾಕಿ ಬರೆದು ಸುತ್ತು ಹಾಕಿ "ಇಳಿಯೋವಾಗ ಇಸ್ಕ" ಅನ್ನುತ್ತಾನೆ. ಎಲ್ಲಿ ಇಳಿಯುವುದೋ ಯಾರಿಗೂ ಗೊತ್ತಿಲ್ಲ. ನಮ್ಮ ಅತ್ತೆಯ ಚೀಟಿಯ ಹಿಂದೆ ಇನ್ನೂ ಏಳು ರೂಪಾಯಿ ನಿಂತಿದೆ.

ಇತ್ತೀಚೆಗೆ ಮಾಮನ ಕಣ್ಣಿಗೇ ಪೊರೆ ಬಂತು. ಆಪರೇಷನ್ ಸುಸೂತ್ರವಾಯಿತು. ಕಪ್ಪು ಕನ್ನಡಕ ಹಾಕಿಕೊಂಡ ಮಾಮ ಡಾಕ್ಟರು ಬರೆದ ಚೀಟಿಯನ್ನು ಇನ್ನೊಂದು ಕಣ್ಣಿನ ಹತ್ತಿರ ಹಿಡಿದು ಓದಿ, "ಸಾರ್, ಇದು ಎಲ್ಲಾ ಕಡೆ ಸಿಗ್ತೈತಲ್ರೀ?" ಅಂದ.

"ಕೆಳಗೇ ಸಿಗುತ್ತೆ. ಯಾಕೆ?"

"ಸ್ವಲ್ಪ ಗಟ್ಟೀದು ಬರೀರಿ."

ಡಾಕ್ಟರು ನಕ್ಕು ಮುಂದಿನ ರೋಗಿಯನ್ನು ಕರೆದರು. ಕೆಳಗಿನ ಅಂಗಡಿಯ ಹುಡುಗ ಚೀಟಿ ನೋಡುವ ಮೊದಲೇ ಸೀಸೆ ತೆಗೆದಿಟ್ಟು, "ಬಾಕ್ಸೇ ಐತೆ ಮಾಮಾ, ಎಷ್ಟು ಬೇಕು?" ಅಂದ. ಮಾಮ ಬೇಡವೆಂದು ಕೈ ಆಡಿಸಿ, ಹೊರಗೆ ಬಂದು ಆದೋನಿಗೆ ಫೋನ್ ಹಚ್ಚಿದ.