ಗೇಟಿನೊಳಗೆ ಹಿಡಿಸುವ ಕಾರು

ಪಕ್ಕದ ಮನೆ ರಾಯರು ಕಾರು ತಗೊಳ್ತಾರಂತೆ. ಈ ‘ಅಂತೆ’ ಮೈಸೂರು ಸರಸ್ವತಿಪುರದ ನಮ್ಮ ಬೀದಿಯಲ್ಲಿ ಯುಗಾದಿಯಿಂದ ಓಡಾಡುತ್ತಿದೆ, ಕಾರು ಮಾತ್ರ ಇನ್ನೂ ಬಂದಿಲ್ಲ. ಬೆಳಿಗ್ಗೆ ನಾನು ಪೂಜೆಗೆ ದಾಸವಾಳ ಕೀಳುವ ಹೊತ್ತಿಗೆ ಸರಿಯಾಗಿ ಅವರು ಕಾಫಿ ಲೋಟ ಹಿಡಿದು ಕಾಂಪೌಂಡಿನ ಆ ಕಡೆ ಹಾಜರ್. ಬ್ಯಾಂಕಿನಲ್ಲಿ ಊರವರ ಸಾಲದ ಅರ್ಜಿ ತಿರುವಿ ತಿರುವಿ ನಿವೃತ್ತರಾದವರು. ಕಾರಿನ ಬ್ರೋಷರನ್ನೂ ಅದೇ ಕಣ್ಣಲ್ಲಿ ಓದುತ್ತಾರೆ, ಆದರೆ ಸಹಿ ಹಾಕುವುದಿಲ್ಲ.

“ಮೇಡಂ, ಇದರಲ್ಲಿ ಸನ್‌ರೂಫ್ ಇದೆ, ನೋಡಿ.”

“ಏಪ್ರಿಲ್ ಮಧ್ಯಾಹ್ನ ತೆಗೆದಿಡಿ ರಾಯರೇ, ಹಪ್ಪಳ ಒಣಗಿಸಬಹುದು.”

ಬೇಜಾರು ಮಾಡಿಕೊಳ್ಳಲಿಲ್ಲ. ಮೊಮ್ಮಗಳು ಅದರಲ್ಲಿ ತಲೆ ಹೊರಗೆ ಹಾಕಿ ನಿಲ್ಲುತ್ತಾಳಂತೆ. ಅದೊಂದನ್ನು ಮಾತ್ರ ಮಾಡಬೇಡಿ ಅಂತ ನಗು ಬಿಟ್ಟೇ ಹೇಳಿದೆ. ಎದುರಿಗೆ ಹಸು ಅಡ್ಡ ಬಂದು ಜೋರಾಗಿ ಬ್ರೇಕ್ ಒತ್ತಿದರೆ ನಿಂತ ಮಗುವಿಗೆ ಬೆಲ್ಟೂ ಇಲ್ಲ, ಹಿಡಿತವೂ ಇಲ್ಲ.

ರಾಯರ ಮನಸ್ಸಿನಲ್ಲಿರುವುದು ಎತ್ತರದ, ಅಗಲದ, ಮುಂದೆ ಮೂತಿ ಬಿಗಿದುಕೊಂಡು ನಿಂತ ದೊಡ್ಡ ಗಾಡಿ. ಯಾಕೆ ಅಂದರೆ “ಆಗುಂಬೆ ಘಾಟಿ ಹತ್ತಬೇಕಲ್ಲ” ಅನ್ನುತ್ತಾರೆ. ಆಗುಂಬೆಯಲ್ಲಿರುವುದು 14 ಹೇರ್‌ಪಿನ್ ತಿರುವು. ಅವನ್ನು ಮಾರುತಿ 800 ಕಾಲದಿಂದ ಸಣ್ಣ ಕಾರುಗಳೇ ಹತ್ತಿ ಇಳಿದಿವೆ. ಅದಿರಲಿ, ರಾಯರು ಆಗುಂಬೆಗೆ ಹೋಗುವುದು ಯಾವ ವರ್ಷ? ದಿನಾ ಹೋಗುವುದು ದೇವರಾಜ ಮಾರ್ಕೆಟ್ಟಿಗೆ, ಮೊಮ್ಮಗಳ ಸ್ಕೂಲಿಗೆ, ತಿಂಗಳಿಗೊಮ್ಮೆ ಮಂಡಿ ಡಾಕ್ಟರ ಹತ್ತಿರಕ್ಕೆ. ವರ್ಷಕ್ಕೊಂದು ದಿನದ ಘಾಟಿಗಾಗಿ ಮಿಕ್ಕ ದಿನವೆಲ್ಲ ಅರಸು ರಸ್ತೆಯಲ್ಲಿ ಪಾರ್ಕಿಂಗ್ ಹುಡುಕುತ್ತಾ ಸುತ್ತುವುದು ಯಾವ ಲೆಕ್ಕ? ಘಾಟಿಗೆ ಬಾಡಿಗೆ ಇನ್ನೋವಾ ಕರೆಸಿ, ಹಿಂದಿನ ಸೀಟಿನಲ್ಲಿ ಕೂತು ಕಾಡು ನೋಡಿಕೊಂಡು ಹೋಗಿ.

ಮಾತಿನಲ್ಲಿ ಒಪ್ಪುವವರಲ್ಲ. ಹೋದ ಭಾನುವಾರ ಟೇಪು ತರಿಸಿದೆ. ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ಅವರ ಗೇಟು ಕಂಬದಿಂದ ಕಂಬಕ್ಕೆ ಏಳಡಿ, ಅಂದರೆ 2134 ಮಿಲಿಮೀಟರು. ಅವರಪ್ಪ ಅಂಬಾಸಡರ್ ಕಾಲದಲ್ಲಿ ಹಾಕಿಸಿದ್ದು. ಬ್ರೋಷರಿನಲ್ಲಿ ಅವರು ಮೆಚ್ಚಿದ ಕ್ರೆಟಾದ ಅಗಲ 1790 ಮಿ.ಮೀ. ರಾಯರ ಮುಖ ಅರಳಿತು. “ಸ್ವಲ್ಪ ತಡೀರಿ, ಆ ಅಳತೆಯಲ್ಲಿ ಪಕ್ಕದ ಕನ್ನಡಿ ಸೇರಿರುವುದಿಲ್ಲ” ಅಂದೆ. ಎರಡು ಕಡೆ ಕನ್ನಡಿ ಬಿಚ್ಚಿಕೊಂಡರೆ ಕಂಬಕ್ಕೂ ಕಾರಿಗೂ ನಡುವೆ ಬೆರಳು ತೂರಿಸುವಷ್ಟು ಜಾಗ ಉಳಿದೀತು. ನಮ್ಮ ಬೀದಿಯ ಅಗಲದಲ್ಲಿ ನೇರ ಬಂದು ಒಳಗೆ ಹೋಗುವ ಹಾಗೂ ಇಲ್ಲ, ತಿರುಗಿಸಿಯೇ ನುಗ್ಗಿಸಬೇಕು. ಅದೇ ವ್ಯಾಗನ್ ಆರ್ 1620 ಮಿ.ಮೀ. ಅಗಲ, 4.7 ಮೀಟರ್ ತ್ರಿಜ್ಯದಲ್ಲಿ ತಿರುಗಿಬಿಡುತ್ತದೆ. ಬ್ರೋಷರಿನಲ್ಲಿ ಎಲ್ಲರೂ ಕುದುರೆಶಕ್ತಿ ನೋಡುತ್ತಾರೆ. ಈ ತಿರುಗುವ ತ್ರಿಜ್ಯ ಕೊನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ ಬಿದ್ದಿರುತ್ತದೆ. ದಿನಾ ಕೈಗೆ ಹತ್ತುವ ಲೆಕ್ಕ ಅದೇ.

ದುಡ್ಡಿನ ವಿಷಯ ಬ್ಯಾಂಕಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ, ಆದರೂ ಹೇಳಿದೆ. ಶೋರೂಮಿನವರು ತೋರಿಸುವುದು ಎಕ್ಸ್ ಶೋರೂಂ ಬೆಲೆ, ಕೈ ಬಿಡುವುದು ಆನ್ ರೋಡ್. ನಮ್ಮ ರಾಜ್ಯದ ಜೀವಾವಧಿ ತೆರಿಗೆ ದೇಶದಲ್ಲೇ ಜಾಸ್ತಿ ಇರುವ ಕಡೆಗಳಲ್ಲೊಂದು. ಕಾರು 5 ಲಕ್ಷದಿಂದ 10 ಲಕ್ಷದ ಒಳಗಿದ್ದರೆ ಶೇ 14, ಹತ್ತು ದಾಟಿತೋ ಶೇ 17, ಅದರ ಮೇಲೆ ಸೆಸ್ಸು. ಟಾಪ್ ಎಂಡ್ ಆಸೆಗೆ ಬಿದ್ದು ಹತ್ತು ಲಕ್ಷದ ಗೆರೆಯನ್ನು ಚೂರು ದಾಟಿದರೂ ತೆರಿಗೆಯೊಂದರಲ್ಲೇ 30 ಸಾವಿರಕ್ಕೆ ಮೇಲೆ ಏರುತ್ತದೆ. ಕೇಂದ್ರದ ಲೆಕ್ಕ ಇನ್ನೊಂದು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. ಸಣ್ಣ ಕಾರು ಅಂದರೆ ನಾಲ್ಕು ಮೀಟರಿನೊಳಗಿನ ಉದ್ದ, ಪೆಟ್ರೋಲಾದರೆ 1200 ಸಿಸಿ ಒಳಗಿನ ಎಂಜಿನ್. ಈ ನಾಲ್ಕು ಮೀಟರಿನ ಗೆರೆ ಎಳೆದದ್ದು 2006ರ ಬಜೆಟ್ಟಿನಲ್ಲಿ. ಆಮೇಲೆ ಒಳ್ಳೊಳ್ಳೆ ಸೆಡಾನ್‌ಗಳ ಡಿಕ್ಕಿಯನ್ನೆಲ್ಲ ಕತ್ತರಿಸಿ ಗೆರೆಯೊಳಗೆ ತಂದು ನಿಲ್ಲಿಸಿದರು. ಕೆಲವು ಇವತ್ತಿಗೂ ನನ್ನ ಕಣ್ಣಿಗೆ ಅಂದವಾಗಿ ಕಂಡಿಲ್ಲ.

“ಹಾಗಾದರೆ ಡೀಸೆಲ್? ಮೈಲೇಜು ಚೆನ್ನಾಗಿ ಬರುತ್ತೆ.”

ದಿನಕ್ಕೆ ಹತ್ತು ಹದಿನೈದು ಕಿಲೋಮೀಟರ್ ಓಡಿಸುವವರಿಗೆ ಬೇಡವೇ ಬೇಡ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಮಾಲಿನ್ಯ ನಿಯಮ ಬಂದ ಮೇಲೆ ಡೀಸೆಲ್ ಕಾರಿನ ಹೊಗೆಯ ಹಾದಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಕೂತಿದೆ. ಅದು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕಾದರೆ ಹೈವೇಯಲ್ಲಿ ಒಂದಷ್ಟು ಹೊತ್ತು ಬಿಸಿಯಾಗಿ ಓಡಬೇಕು. ಸ್ಕೂಲಿಗೆ ಹೋಗಿ ಬರುವುದರೊಳಗೆ ಎಂಜಿನ್ನು ಬಿಸಿಯೇ ಆಗಿರುವುದಿಲ್ಲ. ಮಸಿ ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ, ಆಮೇಲೆ ಸರ್ವಿಸಿನವರ ಮನೆ ದೀಪ. ಸಿಎನ್‌ಜಿ ಕಿಲೋಮೀಟರಿಗೆ ಅಗ್ಗ, ನಿಜ. ಬಂಕಿನ ಕ್ಯೂ ಮತ್ತು ಡಿಕ್ಕಿ ತುಂಬಿ ಕೂತ ಸಿಲಿಂಡರ್ ರಾಯರಿಗೆ ಒಗ್ಗುವುದಿಲ್ಲ.

ಅವರಂಥವರಿಗೆ, ಅಂದರೆ ಸ್ವಂತ ಮನೆ, ಸ್ವಂತ ಗೇಟು, ಪೋರ್ಟಿಕೋದಲ್ಲೇ ಪ್ಲಗ್ ಪಾಯಿಂಟ್ ಇರುವವರಿಗೆ, ಸಣ್ಣ ಎಲೆಕ್ಟ್ರಿಕ್ ಕಾರೇ ಎಲ್ಲಕ್ಕಿಂತ ಸರಿ. ಸದ್ದಿಲ್ಲ, ಗೇರಿಲ್ಲ, ಸಿಗ್ನಲ್ ಬಿಟ್ಟ ಕ್ಷಣಕ್ಕೆ ಚಿಮ್ಮುತ್ತದೆ. ಎಂಜಿ ಕಾಮೆಟ್ ಅಂತೂ ಮೂರು ಮೀಟರ್ ಉದ್ದವೂ ಇಲ್ಲ, ಅವರ ಗೇಟಿನೊಳಗೆ ಕಣ್ಣು ಮುಚ್ಚಿ ಹೋಗುತ್ತದೆ. ಅದರ ಹೆಸರೆತ್ತಿದ್ದೇ ತಡ, ರಾಯರು ಲೋಟ ಕೆಳಗಿಟ್ಟರು.

“ಬೀಗರು ಏನಂದುಕೊಳ್ತಾರೆ ಮೇಡಂ?”

ಅಲ್ಲಿಗೆ ಗಂಟು ಬಿಚ್ಚಿತು. ಬೀಗರ ಮನೆ ಮುಂದೆ ಇರುವುದು ದೊಡ್ಡ ಗಾಡಿ. ಆಗುಂಬೆ, ಗ್ರೌಂಡ್ ಕ್ಲಿಯರೆನ್ಸು, ಸನ್‌ರೂಫು ಎಲ್ಲದರ ಹಿಂದೆ ನಿಂತವರು ಬೀಗರು. ನಮ್ಮಲ್ಲಿ ಎಷ್ಟೋ ಕಾರುಗಳನ್ನು ಓಡಿಸುವವರಿಗಾಗಿ ಅಲ್ಲ, ನೋಡುವವರಿಗಾಗಿಯೇ ಕೊಂಡಿರುವುದು.

ಆದರೆ ಕಾರು ಓಡಿಸುವುದು ಒಂದು ಸಂತೋಷವೂ ಹೌದು, ಅದನ್ನು ನಾನು ಬಿಟ್ಟುಕೊಡುವವಳಲ್ಲ. ನಾನು ಕಲಿತದ್ದು ಹಳೆಯ 800ರಲ್ಲಿ. 796 ಸಿಸಿ, ಮೂರು ಸಿಲಿಂಡರ್, ನಲವತ್ತು ಕುದುರೆಶಕ್ತಿಯೂ ಇಲ್ಲ. ಕಾರೇ ಹಗುರ ಇದ್ದುದರಿಂದ ಅಷ್ಟೇ ಸಾಕಾಗುತ್ತಿತ್ತು. ನೂರು ದಾಟಿ ಓಡುವ ಸಂತೋಷ ನಮ್ಮ ಊರೊಳಗೆ ಯಾರಿಗೂ ಸಿಕ್ಕಿಲ್ಲ, ಸಿಗಲೂಬಾರದು. ಇಲ್ಲಿಯ ಸಂತೋಷ ಎರಡನೇ ಗೇರಿನಲ್ಲಿದೆ. ಹಂಪು ದಾಟಿ, ಗೇರು ಇಳಿಸದೆ, ಇಪ್ಪತ್ತರ ವೇಗದಿಂದ ಮೆಲ್ಲಗೆ ಒತ್ತಿದಾಗ ತಿಣುಕದೆ ಎದ್ದು ಹೋಗಬೇಕು. ಕ್ಲಚ್ಚು ಬೆಣ್ಣೆಯ ಹಾಗೆ ಮೆತ್ತಗಿರಬೇಕು, ಗೇರು ಹುಡುಕದೆ ಬೀಳಬೇಕು, ಕೂತಲ್ಲಿಂದ ಬಾನೆಟ್ಟಿನ ಅಂಚು ಕಾಣಬೇಕು. ಸ್ವಿಫ್ಟಿನ ನಾಲ್ಕು ಸಿಲಿಂಡರ್ ಎಂಜಿನ್ನನ್ನು 2024ರಲ್ಲಿ ಮೂರಕ್ಕೆ ಇಳಿಸಿದಾಗ ನನಗೆ ನಿಜಕ್ಕೂ ಬೇಸರವಾಯಿತು. ಮೈಲೇಜು ಏರಿತು ಅನ್ನುತ್ತಾರೆ, ಏರಿರಲಿ. ಆ ನಯವಾದ ಗುಂಯ್ ಸದ್ದಿಗೆ ಬೆಲೆ ಕಟ್ಟುವವರು ಯಾರು?

ರಾಯರ ಎಡ ಮಂಡಿ ಮಾತ್ರ ಕ್ಲಚ್ಚಿಗೆ ಒಪ್ಪುವುದಿಲ್ಲ. ಎಲೆಕ್ಟ್ರಿಕ್ ಬೇಡವೆಂದರೆ ಅವರಿಗೆ ಎಎಂಟಿ ಸಾಕು. 2014ರಲ್ಲಿ ಸೆಲೆರಿಯೋ ಜೊತೆ ಬಂದ ಈ ಅಗ್ಗದ ಆಟೋಮ್ಯಾಟಿಕ್ಕಿನ ಒಳಗೆ ಇರುವುದು ಮಾಮೂಲಿ ಗೇರು ಪೆಟ್ಟಿಗೆಯೇ, ಕ್ಲಚ್ಚು ಒತ್ತುವ, ಗೇರು ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಗೇರು ಬದಲಾಗುವಾಗ ಒಳಗಿದ್ದವರೆಲ್ಲ ಪುರಾಣ ಕೇಳುತ್ತಾ ತೂಕಡಿಸುವವರ ಹಾಗೆ ಒಮ್ಮೆ ತಲೆ ಆಡಿಸುತ್ತಾರೆ. ಅದಕ್ಕೂ ಉಪಾಯ ಇದೆ. ಬದಲಾಗುವ ಹೊತ್ತಿಗೆ ಆಕ್ಸಿಲರೇಟರಿನಿಂದ ಕಾಲು ಚೂರು ಎತ್ತಿದರೆ ಆ ಕುಲುಕು ಅರ್ಧ ಕಡಿಮೆ.

ಇಷ್ಟೆಲ್ಲ ಹೊತ್ತು ಪಾರಿಜಾತದ ಕೆಳಗೆ ಹೂ ಆಯುತ್ತಿದ್ದ ಅವರ ಮನೆಯಾಕೆ ತಲೆ ಎತ್ತಿದರು. “ನನಗೆ ಹತ್ತೋಕೆ ಇಳಿಯೋಕೆ ಆಗಬೇಕು, ಅಷ್ಟೇ” ಅಂದರು. ಇಷ್ಟು ದಿನದ ಚರ್ಚೆಯಲ್ಲಿ ಕೆಲಸಕ್ಕೆ ಬಂದ ಮೊದಲ ಮಾತು ಅದು. ಸೀರೆ ಉಟ್ಟವರು ದೊಡ್ಡ ಗಾಡಿಗೆ ಏಣಿ ಹತ್ತಿದ ಹಾಗೆ ಹತ್ತಬೇಕು, ತಗ್ಗಿನ ಸೆಡಾನಿನಿಂದ ಏಳಬೇಕಾದರೆ ಯಾರಾದರೂ ಕೈ ಕೊಡಬೇಕು. 1998ರ ಸ್ಯಾಂಟ್ರೋ, ಮರುವರ್ಷದ ವ್ಯಾಗನ್ ಆರ್ ಬಂದಾಗ ಜನ ಪೆಟ್ಟಿಗೆ ಪೆಟ್ಟಿಗೆ ಅಂತ ಆಡಿಕೊಂಡರು. ಆದರೆ ಅವುಗಳ ಸೀಟು ಸರಿಯಾಗಿ ಸೊಂಟದ ಎತ್ತರಕ್ಕಿತ್ತು. ಹೀಗೆ ತಿರುಗಿ ಕೂತರೆ ಆಯಿತು. ಮನೆಯ ಹಿರಿಯರು ಅವನ್ನು ಒಪ್ಪಿಕೊಂಡದ್ದು ಅದಕ್ಕೇ.

ಸುರಕ್ಷತೆಯ ನಕ್ಷತ್ರ ನೋಡುವುದನ್ನು ಮರೆಯಬೇಡಿ ಅಂತಲೂ ಹೇಳಿದ್ದೇನೆ. 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ನೆಕ್ಸಾನ್ ಐದು ನಕ್ಷತ್ರ ಗಳಿಸುವವರೆಗೆ ಇಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಯಾವ ಕಾರಿಗೂ ಅಲ್ಲಿ ಅದು ಸಿಕ್ಕಿರಲಿಲ್ಲ. ಈಗ 2023ರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ, ಸಣ್ಣ ಕಾರಿನಲ್ಲೂ ಆರು ಏರ್‌ಬ್ಯಾಗ್ ಸಿಗುತ್ತವೆ. ನಕ್ಷತ್ರ ಎಷ್ಟಿದ್ದರೂ ಹಿಂದಿನ ಸೀಟಿನವರು ಬೆಲ್ಟ್ ಹಾಕದಿದ್ದರೆ ಲೆಕ್ಕಕ್ಕಿಲ್ಲ.

ಕಾರು ನೋಡಲು ಹೊರಟಿರುವ ನಿಮಗೂ ಒಂದು ಮಾತು. ಟೆಸ್ಟ್ ಡ್ರೈವಿಗೆ ಶೋರೂಮಿನವರು ರಿಂಗ್ ರೋಡಿಗೆ ಕರೆದುಕೊಂಡು ಹೋಗುತ್ತಾರೆ, ಅಲ್ಲಿ ಎಲ್ಲ ಕಾರೂ ಚೆನ್ನಾಗಿಯೇ ಓಡುತ್ತದೆ. ಗಾಡಿಯನ್ನು ನಿಮ್ಮ ಬೀದಿಗೆ ತರಿಸಿ, ನಿಮ್ಮ ಹಂಪು ಹತ್ತಿಸಿ, ನಿಮ್ಮ ಗೇಟಿನೊಳಗೆ ಒಂದು ಸಲ ರಿವರ್ಸ್ ಹಾಕಿ ನೋಡಿ. ಮನೆಯ ಹಿರಿಯರನ್ನು ಹಿಂದೆ ಕೂರಿಸಿ ಒಂದು ಸುತ್ತು ಹೊಡೆಯಿರಿ. ಅಡ್ವಾನ್ಸಿನ ಚೆಕ್ಕು ಬರೆಯುವುದು ಆಮೇಲೆ.