ಟೀಪಾಯಿಗೆ ಟೋಪಿ

ಹೆಬ್ಬೆ, ಲಿಂಗದಹಳ್ಳಿ, ತರೀಕೆರೆ ಕಡೆಯಿಂದ ಬಂದು ಬೆಂಗಳೂರಿನಲ್ಲಿ ಮನೆ ಕೊಂಡ ಗೃಹಸ್ಥನನ್ನು ಗುರುತು ಹಿಡಿಯುವುದು ಕಷ್ಟವಲ್ಲ. ಯಶವಂತಪುರ ಸ್ಟೇಷನ್ನಿಗೆ ಆಟೋ ದೂರದಲ್ಲೇ ಮನೆ ಬೇಕು ಎಂಬುದು ಅವನ ಮೊದಲ ಷರತ್ತು. ಅಕ್ಕಿ, ತೆಂಗಿನಕಾಯಿ, ಅತ್ತೆ, ಮಾವ ಎಲ್ಲರೂ ಶಿವಮೊಗ್ಗದ ರೈಲಿನಲ್ಲಿ ಬಂದಿಳಿಯಬೇಕಲ್ಲ. ಒಂದು ಫಸಲಿನ ಅಡಿಕೆ ದುಡ್ಡು, ಹೆಂಡತಿಯ ಪಿಎಫ್, ಇಪ್ಪತ್ತು ವರ್ಷದ ಬ್ಯಾಂಕ್ ಸಾಲ ಎಲ್ಲ ಸೇರಿಸಿ ಮೂವತ್ತು–ನಲವತ್ತರ ಸೈಟಿನ ಹಳೇ ಮನೆಯೊಂದನ್ನು ಹಿಡಿಯುತ್ತಾನೆ. ಹಿಡಿಯುವ ತನಕ ಅವನಷ್ಟು ಹುಷಾರಿನ ಮನುಷ್ಯ ಇನ್ನೊಬ್ಬನಿಲ್ಲ. ಎ ಖಾತೆಯೋ ಬಿ ಖಾತೆಯೋ, ಇ-ಖಾತಾ ಆಗಿದೆಯೋ, ಇಸಿಯಲ್ಲಿ ಹಳೇ ಸಾಲದ ವಾಸನೆ ಇದೆಯೋ ಎಂದು ವಕೀಲರ ಜೀವ ಹಿಂಡಿರುತ್ತಾನೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿದ ಸಂಕಟವನ್ನು ಗೃಹಪ್ರವೇಶದ ಪಂಕ್ತಿಯಲ್ಲಿ, ಪಾಯಸ ಬಡಿಸುತ್ತಲೇ ಹೇಳಿಕೊಳ್ಳುತ್ತಾನೆ. ಇಂಥ ಲೆಕ್ಕಾಚಾರದವನು ಮಗು ಅಂಬೆಗಾಲಿಕ್ಕಿದ ದಿನ ಲೆಕ್ಕ ತಪ್ಪುತ್ತಾನೆ. ಮಗುವಿನ ಸುರಕ್ಷತೆಗೆ ಅವನು ದುಡ್ಡು ಸುರಿಯುವುದು ಅಪಾಯ ಇರುವ ಕಡೆಗಲ್ಲ, ನೆಂಟರ ಕಣ್ಣು ಬೀಳುವ ಕಡೆಗೆ ಎಂಬುದು ನನ್ನ ವಾದ.

ನಡುಮನೆ ನೋಡಿ. ಟೀಪಾಯಿಯ ನಾಲ್ಕೂ ಮೂಲೆಗೆ ರಬ್ಬರಿನ ಟೋಪಿ, ಪ್ಲಗ್ ಪಾಯಿಂಟುಗಳಿಗೆಲ್ಲ ಬಿರಡೆ, ಫ್ರಿಜ್ಜಿಗೆ ಪಟ್ಟಿ. ಕಮೋಡಿನ ಮುಚ್ಚಳಕ್ಕೂ ಬೀಗವಿದ್ದು, ಕಡೂರಿನಿಂದ ಬಂದ ದೊಡ್ಡಪ್ಪ ಬೆಳಗಿನ ತುರ್ತಿನಲ್ಲಿ ಅದರೊಂದಿಗೆ ಹೆಣಗಾಡಿ ಸೊಸೆಯನ್ನು ಕೂಗಲೂ ಆಗದೆ ಒಳಗೇ ನಿಂತಿರುತ್ತಾರೆ. ಈಗ ಹೊರಗೆ ಬನ್ನಿ. ಕಾರು ನಿಲ್ಲಿಸುವ ಜಾಗದಲ್ಲಿ, ಮಗು ಮೂರು ಚಕ್ರದ ಸೈಕಲ್ ತುಳಿಯುವ ದಾರಿಯಲ್ಲೇ, ಸಂಪು ಇದೆ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಪಂಪಾಗಿ ಬರುವ ಕಾವೇರಿ ಹೆಚ್ಚಿನ ಬಡಾವಣೆಗಳಿಗೆ ದಿನ ಬಿಟ್ಟು ದಿನವೇ ದರ್ಶನ ಕೊಡುವುದು. ಹಾಗಾಗಿ ಸಂಪಿಲ್ಲದೆ ಬೆಂಗಳೂರಿನ ಸಂಸಾರ ನಡೆಯದು. ಅದರ ಮೇಲಿನ ತಗಡಿನ ಮುಚ್ಚಳದ ತಿರುಗಣೆ ತುಕ್ಕು ಹಿಡಿದು ಹಳೇ ಯಜಮಾನರ ಕಾಲದಲ್ಲೇ ಕಳಚಿಹೋಗಿದೆ. ಟ್ಯಾಂಕರ್ ಬಂದ ದಿನ ಅದನ್ನು ಗೋಡೆಗೊರಗಿಸಿ, ಪೈಪು ಇಳಿಬಿಟ್ಟು, ನಮ್ಮ ಗೃಹಸ್ಥ ಫೋನ್‌ಪೇ ಮಾಡಲು ಸಿಗ್ನಲ್ ಹುಡುಕಿಕೊಂಡು ಮಹಡಿ ಹತ್ತುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ 1ರಿಂದ 4 ವರ್ಷದ ಮಕ್ಕಳ ಸಾವಿಗೆ ನೀರಲ್ಲಿ ಮುಳುಗುವುದು ನಾಲ್ಕನೇ ಪ್ರಮುಖ ಕಾರಣ. ಅದಕ್ಕೆ ಸಂಪೇ ಬೇಕೆಂದಿಲ್ಲ, ನಾಳೆ ನೀರು ಬರಲ್ಲ ಎಂದು ಬಚ್ಚಲಲ್ಲಿ ತುಂಬಿಟ್ಟ ಬಕೆಟ್ಟೂ ಸಾಕು. ಟೀಪಾಯಿಗೆ ತಗುಲಿ ಸತ್ತ ಮಗುವಿನ ಸುದ್ದಿಯನ್ನು ಮಾತ್ರ ನಾನಂತೂ ಓದಿಲ್ಲ.

ನವೀಕರಣದ ಕಥೆಯೂ ಇದೇ. ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಹೊಸ ಡಬ್ಬದ ಮೇಲಿನ ಅಕ್ಷರವನ್ನು ಕನ್ನಡಕ ಏರಿಸಿ ಓದುವ ಇವನು, ಅದಕ್ಕಿಂತ ಎಷ್ಟೋ ಮೊದಲಿನ ಕಿಟಕಿ ಬಾಗಿಲುಗಳ ಪದರವನ್ನು ಪೇಂಟರು ಉಪ್ಪುಕಾಗದದಲ್ಲಿ ತಿಕ್ಕಿ ಧೂಳೆಬ್ಬಿಸುವಾಗ ಮಗುವನ್ನು ಪಕ್ಕದ ಕೋಣೆಯಲ್ಲೇ ಮಲಗಿಸಿರುತ್ತಾನೆ. ಬಾಲ್ಕನಿಯ ಕಟಕಟೆ 1ರಿಂದ 1.2 ಮೀಟರ್ ಎತ್ತರವಿರಬೇಕು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಹಳೇ ಮನೆಯ ಇಟ್ಟಿಗೆ ಕಟಕಟೆ ಅಷ್ಟೆತ್ತರ ಇತ್ತು ಕೂಡ. ಅದನ್ನು ಒಡೆಸಿ ಸ್ಟೀಲಿನ ಅಡ್ಡ ಕಂಬಿ ಹಾಕಿಸುತ್ತಾನೆ, ‘ಲುಕ್’ಗಾಗಿ. ಅಡ್ಡ ಕಂಬಿ ಮಗುವಿಗೆ ಏಣಿಯೇ ಆಯಿತು. ಉದ್ದ ಕಂಬಿ ಹಾಕಿಸಿ, ನಡುವಿನ ಸಂದನ್ನು ನಾಲ್ಕಿಂಚಿನೊಳಗೆ ಇಡಿಸಿದ್ದರೆ ಆಗುತ್ತಿತ್ತು. ಇನ್ನು ಶಾಕ್ ಜೀವ ತೆಗೆಯುವ ಮೊದಲೇ ಕರೆಂಟು ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ. ಅದು ಮನೆಯಲ್ಲಿ ಇದ್ದೇ ಇದೆ. ಆದರೆ, “ಸುಮ್‌ಸುಮ್ನೆ ಟ್ರಿಪ್ ಆಗ್ತಿತ್ತು ಸಾರ್, ಡೈರೆಕ್ಟ್ ಕೊಟ್ಬಿಟ್ಟಿದೀನಿ” ಎಂದು ಎಲೆಕ್ಟ್ರಿಷಿಯನ್ ಅಭಯ ನೀಡಿಹೋಗಿದ್ದಾನೆ, ಇವನು ಅವನಿಗೆ ಕಾಫಿ ಕೊಟ್ಟು ಕಳಿಸಿದ್ದಾನೆ.

ಊರಿನ ಅಪ್ಪನ ಆಕ್ಷೇಪವೊಂದಿದೆ: “ನಾವೆಲ್ಲ ಹೆಬ್ಬೆ ಹಳ್ಳದ ಬಂಡೆ ಮೇಲೇ ಬೆಳೆದ್ವಲ್ಲ, ಏನಾಯ್ತು?” ಹೆಬ್ಬೆಯಲ್ಲಿ ನೀರು ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತದಲ್ಲಿ 168 ಮೀಟರ್ ಧುಮುಕುತ್ತದೆ, ಅದರ ನೆರಳಲ್ಲಿ ಬೆಳೆದವರಿಗೆ ಟೀಪಾಯಿ ಕಂಡರೆ ನಗು ಬರುವುದು ಸಹಜ. ಆದರೆ ಹೀಗೆ ಕೇಳಲು ಇವತ್ತು ಉಳಿದಿರುವವರು ಏನೂ ಆಗದವರು ಮಾತ್ರ. ಆದವರು ಬಂದು ಸಾಕ್ಷಿ ಹೇಳುವುದಿಲ್ಲ. ಮೇಲಾಗಿ ಆ ಮನೆಗಳು ಅಷ್ಟೇನೂ ಅಜಾಗರೂಕವಾಗಿರಲಿಲ್ಲ. ಬಾವಿಗೆ ಕಟ್ಟೆ ಇತ್ತು. ಕತ್ತಿ ಜಂತಿಗೆ ಸಿಕ್ಕಿಸಿರುತ್ತಿತ್ತು. ಅಡಿಕೆ ಬೇಯಿಸುವ ದಿನಗಳಲ್ಲಿ ಹಂಡೆಯ ಹತ್ತಿರ ಮಕ್ಕಳು ಸುಳಿಯದ ಹಾಗೆ ಅಜ್ಜಿಯೊಬ್ಬಳು ಕೋಲು ಹಿಡಿದು ಕೂತಿರುತ್ತಿದ್ದಳು. ಯಾವುದೂ ಅಂಗಡಿಯಿಂದ ಬಂದದ್ದಲ್ಲ, ಎಲ್ಲವೂ ಅಪಾಯ ಎಲ್ಲಿದೆಯೋ ಅಲ್ಲೇ ಇತ್ತು.

ಟೋಪಿ ಹಾಕಿದರೆ ನಷ್ಟವೇನು, ಹಣೆ ಒಡೆದು ಹೊಲಿಗೆ ಬೀಳುವುದು ತಪ್ಪುತ್ತದಲ್ಲ ಎಂದರೆ ಒಪ್ಪಿದೆ. ಮಗು ಅದನ್ನು ಕಿತ್ತು ಬಾಯಿಗೆ ಹಾಕಿಕೊಳ್ಳದಿದ್ದರೆ ಹಾಕಿಸಲಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ದಿನವಿಡೀ ಕಾವಲು ಕೂರುವವರಾರು ಎಂಬ ಪ್ರಶ್ನೆಯೂ ನ್ಯಾಯವೇ. ಕಾವಲಿಗೆ ಜನವಿಲ್ಲದ್ದರಿಂದಲೇ ಸಂಪಿಗೆ ಬೀಗ ಬೇಕಾಗಿರುವುದು. ಈ ಜಾತಿಯ ಗೃಹಸ್ಥ ನಿಮ್ಮ ಮನೆಯಲ್ಲೂ ಇದ್ದರೆ, ಮುಂದಿನ ಟ್ಯಾಂಕರ್ ಬರುವುದರೊಳಗೆ ಹೊಸ ಮುಚ್ಚಳ ಮಾಡಿಸಲು ಅವನನ್ನು ವೆಲ್ಡಿಂಗ್ ಅಂಗಡಿಗೆ ಕಳಿಸಿ. ಬೀಗದ ಕೈಯನ್ನು ಮಾತ್ರ ಅವನಿಗೆ ಕೊಡಬೇಡಿ, ಊರಿನಿಂದ ಬಂದ ಅತ್ತೆಯವರ ಹತ್ತಿರ ಇರಲಿ.